ಎಂಟರ ಮೂಲ, ಹದಿನೆಂಟರ ಮೂಲ ಮತ್ತು ನಮ್ಮ ಮಕ್ಕಳ ಕನ್ನಡ

ಆದವಾನಿ, ಆಲೂರು, ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರ್ವಿ ಭಾಗಗಳಲ್ಲಿ ಮಕ್ಕಳನ್ನು ಕನ್ನಡ ಮಾಧ್ಯಮದ ಶಾಲೆಗಳಿಗೆ ಕಳುಹಿಸುತ್ತಿರುವ, ಕಳುಹಿಸಬೇಕೋ ಬೇಡವೋ ಎಂದು ತೂಗಿ ನೋಡುತ್ತಿರುವ ಪಾಲಕ ಬಂಧುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬರಹ ದೀರ್ಘವಾಗಿದೆ. ನಡುವೆ ಸ್ವಲ್ಪ ಗಣಿತವೂ ಬರುತ್ತದೆ. ಗಣಿತ ಬಂದಲ್ಲಿ ಹೆದರಿ ಮುಂದಕ್ಕೆ ಹಾರಬೇಡಿರೆಂದು ಮೊದಲೇ ಕೇಳಿಕೊಳ್ಳುತ್ತೇನೆ. ನನ್ನ ವಾದವೆಲ್ಲ ಇರುವುದು ಆ ಗಣಿತದೊಳಗೇ.

ಕಳೆದ ಬೇಸಗೆಯಲ್ಲಿ, ಶಾಲೆಗಳು ತೆರೆಯುವುದಕ್ಕೆ ಕೆಲವು ದಿನಗಳ ಮುಂಚೆ, ಹತ್ತಿಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಪರಿಚಯಸ್ಥರೊಬ್ಬರು ನನ್ನ ಮನೆಗೆ ಬಂದರು. ಮಗಳು ಎಂಟನೆಯ ತರಗತಿ ಮುಗಿಸಿದ್ದಳು. ಕೈಯಲ್ಲಿ ಅವಳ ಗಣಿತದ ನೋಟುಪುಸ್ತಕವಿತ್ತು. "ಸಾರ್, ಮಗಳ ಟೀಸಿ ತಗಸ್ಬೇಕಂತ ಮಾಡೀನಿ. ಕನ್ನಡದಾಗ ಓದಿದ್ರ ಲೆಕ್ಕ ಬರಂಗಿಲ್ಲ ಅಂತ ಎಲ್ಲಾರೂ ಅಂತಾರ. ನೀವಾ ನೋಡ್ರಿ" ಎಂದು ಪುಟ ತೆರೆದು ತೋರಿಸಿದರು. ಪುಟದಲ್ಲಿ ಹೀಗಿತ್ತು: √9 + √16 = √25 = 5. ಅದರ ಮೇಲೆ ಕೆಂಪು ಮಸಿಯ ಅಡ್ಡಗೆರೆ.

ನಾನು ಈ ಸೀಮೆಯಲ್ಲಿ ಮೂರು ದಶಕ ಗಣಿತ ಬೋಧಿಸಿ ನಿವೃತ್ತನಾದವನು. ಆ ತಪ್ಪನ್ನು ಎಷ್ಟು ಸಲ ತಿದ್ದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. 9ರ ವರ್ಗಮೂಲ 3, 16ರ ವರ್ಗಮೂಲ 4. ಎರಡೂ ಸೇರಿದರೆ 7. ಮಗು ಮೊದಲು ಒಳಗಿನ ಸಂಖ್ಯೆಗಳನ್ನು ಕೂಡಿಸಿಬಿಟ್ಟಿತು, ಆಮೇಲೆ ಮೂಲ ತೆಗೆಯಿತು. ಅದೇ ಸಂಜೆ ನಮ್ಮ ಓಣಿಯ ಇನ್ನೊಬ್ಬ ಹುಡುಗನನ್ನು ಕರೆದು ಅದೇ ಲೆಕ್ಕ ಕೊಟ್ಟೆ. ಅವನು ಶುಲ್ಕ ಕಟ್ಟಿ ಓದುವ ಇಂಗ್ಲಿಷ್ ಮಾಧ್ಯಮದವನು. ಅವನೂ 5 ಎಂದೇ ಬರೆದ. ಬರೆದದ್ದು ಇಂಗ್ಲಿಷಿನಲ್ಲಿ ಎಂಬುದಷ್ಟೇ ವ್ಯತ್ಯಾಸ.

ಈ ತಪ್ಪಿಗೆ ಜಾತಿಯಿಲ್ಲ, ಭಾಷೆಯಿಲ್ಲ. ಜಗತ್ತಿನ ಎಲ್ಲ ಮಕ್ಕಳೂ ಮಾಡುವ ತಪ್ಪು ಇದು. ಆದರೆ ನಮ್ಮ ಮಗು ಮಾಡಿದಾಗ ಮಾತ್ರ ಅದರ ಹೊಣೆ ಕನ್ನಡದ ತಲೆಗೆ ಬರುತ್ತದೆ. ಇಂಗ್ಲಿಷ್ ಮಾಧ್ಯಮದ ಹುಡುಗ ತಪ್ಪಿದರೆ ಅವನಿಗೆ ಟ್ಯೂಷನ್ ಇಡಿಸುತ್ತೇವೆ. ಕನ್ನಡ ಮಾಧ್ಯಮದ ಹುಡುಗಿ ತಪ್ಪಿದರೆ ಅವಳ ಟೀಸಿ ತೆಗೆಸುತ್ತೇವೆ.

ಈಗ ಒಂದು ಸಣ್ಣ ಪ್ರಯೋಗ. ನಮ್ಮ ಸೀಮೆಯ ಮನೆಗಳಲ್ಲಿ ಇಂದಿಗೂ ಕಡಪ ಕಲ್ಲಿನ ನೆಲವೇ ಹೆಚ್ಚು. ಒಂದಡಿ ಉದ್ದ, ಒಂದಡಿ ಅಗಲದ ಚೌಕ ಬಂಡೆಗಳ ನೆಲವಿದ್ದರೆ ಒಂದು ದಾರ ತೆಗೆದುಕೊಳ್ಳಿ. ಇಲ್ಲದಿದ್ದರೆ ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕಗಳನ್ನು ಬರೆದುಕೊಂಡರೂ ಸರಿಯೇ. ಒಂದು ಬಂಡೆಯ ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿಯಿರಿ. ಆ ಕರ್ಣದ ಉದ್ದ √2 ಅಡಿ, ಅಂದರೆ ಸುಮಾರು 1.41 ಅಡಿ. ಈಗ ಎರಡು ಬಂಡೆ ಉದ್ದ, ಎರಡು ಬಂಡೆ ಅಗಲದ ಚೌಕದ ಕರ್ಣಕ್ಕೆ ದಾರ ಹಿಡಿಯಿರಿ. ಅದರ ಉದ್ದ √8 ಅಡಿ. ದಾರ ಎಷ್ಟು ಬಂಡೆಗಳ ಮೇಲೆ ಕರ್ಣವಾಗಿ ಹಾದುಹೋಯಿತು? ಎರಡು. ಆದ್ದರಿಂದ √8 ಎಂದರೆ ಎರಡು √2. ಮೂರು ಬಂಡೆಗಳ ಚೌಕದಲ್ಲಿ ಕರ್ಣ √18 ಅಡಿ. ಅದು ಮೂರು ಬಂಡೆಗಳನ್ನು ದಾಟುತ್ತದೆ, ಆದ್ದರಿಂದ ಮೂರು √2.

ಈಗ √8 + √18 ಎಷ್ಟು? ಎರಡು ಬಂಡೆಗಳ ದಾರದ ತುದಿಯಿಂದ ಅದೇ ಓರೆಯಲ್ಲಿ ಇನ್ನೂ ಮೂರು ಬಂಡೆಗಳ ದಾರವನ್ನು ಮುಂದುವರಿಸಿ. ಒಟ್ಟು ಐದು ಬಂಡೆಗಳು. ಉತ್ತರ 5√2, ಅಂದರೆ ಐದು ಬಂಡೆಗಳ ಚೌಕದ ಕರ್ಣವಾದ √50. ಅಡಿಪಟ್ಟಿಯಿಂದ ಅಳೆದರೆ ಏಳಡಿಗಿಂತ ತುಸು ಹೆಚ್ಚು ಬರುತ್ತದೆ. ಒಳಗಿನ 8 ಮತ್ತು 18ನ್ನು ಕೂಡಿಸಿ √26 ಎಂದು ಬರೆದ ಮಗುವಿನ ದಾರ ಐದಡಿಯಷ್ಟೇ ಇರುತ್ತದೆ. ಹತ್ತಿರ ಹತ್ತಿರ ಎರಡಡಿ ದಾರ ಎಲ್ಲಿ ಹೋಯಿತು ಎಂದು ಆ ಮಗುವನ್ನೇ ಕೇಳಿ. ಅದು ತಾನೇ ಹುಡುಕುತ್ತದೆ.

ಅಕ್ಷರ ಬಾರದ ತಾಯಿಯೂ ಈ ಪ್ರಯೋಗವನ್ನು ಮಗುವಿನೊಡನೆ ಮಾಡಬಲ್ಲಳು. ಅದಕ್ಕೆ ಬೇಕಾದದ್ದು ದಾರ, ನೆಲ, ಮತ್ತು ತಾಯಿ-ಮಗು ಇಬ್ಬರಿಗೂ ಬರುವ ಒಂದು ಭಾಷೆ. ಮೂರನೆಯದನ್ನೇ ನಾವು ಜೂನ್ ತಿಂಗಳಲ್ಲಿ ಟೀಸಿಯ ಜೊತೆಗೆ ಕೊಟ್ಟುಬಿಡುತ್ತಿದ್ದೇವೆ.

ಕರಣಿಗಳ ಸಂಕಲನದ ತಿರುಳೆಲ್ಲ ಇಷ್ಟೇ. ವರ್ಗಮೂಲದ ಚಿಹ್ನೆಯೊಳಗಿನ ಸಂಖ್ಯೆಯಲ್ಲಿ ಅಡಗಿರುವ ಪೂರ್ಣವರ್ಗವನ್ನು ಹುಡುಕಿ ಹೊರಗೆ ತರಬೇಕು. 8ರೊಳಗೆ 4 ಇದೆ, 18ರೊಳಗೆ 9 ಇದೆ, 72ರೊಳಗೆ 36 ಇದೆ. ಹೊರಗೆ ತಂದ ಮೇಲೆ ಒಳಗೆ ಉಳಿದದ್ದು ಒಂದೇ ಆಗಿದ್ದರೆ ಕೂಡಿಸಬಹುದು. ಇವುಗಳಿಗೆ ಸಮರೂಪ ಕರಣಿಗಳು ಎಂದು ಹೆಸರು. ಬೇರೆ ಬೇರೆ ಉಳಿದರೆ ಹಾಗೆಯೇ ಬಿಡಬೇಕು. √2 + √3 ಎಂಬುದನ್ನು ಏನು ಮಾಡಿದರೂ ಒಂದೇ ಮೂಲದ ಸರಳ ರೂಪಕ್ಕೆ ತರಲಾಗದು. ಅದರ ಉತ್ತರ √2 + √3 ಎಂದೇ. ಬೀಜಗಣಿತದಲ್ಲಿ ಎರಡು ಎಕ್ಸ್, ಮೂರು ಎಕ್ಸ್ ಸೇರಿ ಐದು ಎಕ್ಸ್ ಆಗುತ್ತದೆ, ಎರಡು ಎಕ್ಸ್, ಮೂರು ವೈ ಸೇರಿ ಏನೂ ಆಗುವುದಿಲ್ಲ ಎಂಬ ಸಜಾತಿ-ವಿಜಾತಿ ಪದಗಳ ಪಾಠವೇ ಇಲ್ಲಿ ಮರಳಿ ಬರುತ್ತದೆ. ಮಕ್ಕಳಿಗೆ ಕಷ್ಟವಾಗುವುದು ಈ "ಹಾಗೆಯೇ ಬಿಡಬೇಕು" ಎಂಬ ಭಾಗ. ಲೆಕ್ಕವೆಂದರೆ ಕೊನೆಯಲ್ಲಿ ಒಂದು ಸಂಖ್ಯೆ ಬರಲೇಬೇಕು ಎಂದು ಒಂದನೆಯ ತರಗತಿಯಿಂದ ಕಲಿಸಿ, ಒಂಬತ್ತನೆಯ ತರಗತಿಯಲ್ಲಿ ಇದ್ದಕ್ಕಿದ್ದಂತೆ "ಇದೇ ಉತ್ತರ, ಬಿಟ್ಟುಬಿಡು" ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಅನುಮಾನ ಬಂದ ಮಗು ಪ್ರಶ್ನೆ ಕೇಳಬೇಕು. ಕೇಳುವುದಕ್ಕೆ ಮಾತು ಬೇಕು.

ನನ್ನ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮೊದಲ ಹತ್ತು ವರ್ಷ ನಾನೂ "ಒಳಗಿನವನ್ನು ಕೂಡಿಸಬಾರದು, ಅದು ನಿಯಮ" ಎಂದಷ್ಟೇ ಹೇಳಿ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಹೇಳಿದ್ದು ಕನ್ನಡದಲ್ಲಿಯೇ. ಮಾತೃಭಾಷೆಯಲ್ಲಿ ಹೇಳಿದ ಮಾತ್ರಕ್ಕೆ ಬೋಧನೆ ಒಳ್ಳೆಯದಾಗುವುದಿಲ್ಲ. ಕನ್ನಡದಲ್ಲಿಯೂ ಕಂಠಪಾಠ ಮಾಡಿಸಬಹುದು, ಮಾಡಿಸಿದ್ದೇವೆ. ಈ ದಾರದ ಉಪಾಯವನ್ನು ನನಗೆ ತೋರಿಸಿಕೊಟ್ಟವಳು ಒಬ್ಬ ವಿದ್ಯಾರ್ಥಿನಿ. ಕರ್ಣದ ಉದ್ದ ಹೇಳಿಕೊಡುತ್ತಿದ್ದಾಗ, "ಸಾರ್, ಹಂಗಾದ್ರ ಎರಡು ಬಂಡಿ ಕರ್ಣ ಅಂದ್ರ ಒಂದು ಬಂಡಿ ಕರ್ಣದ ಎರಡರಷ್ಟಾ ಅಲ್ಲೇನ್ರಿ?" ಎಂದು ನೆಲ ನೋಡುತ್ತಲೇ ಕೇಳಿದಳು. ಕೇಳಲು ಅವಳು ಒಂದು ಕ್ಷಣವೂ ತಡವರಿಸಲಿಲ್ಲ. ಅದೇ ಪ್ರಶ್ನೆಯನ್ನು ಬೇರೊಂದು ಭಾಷೆಗೆ ಮನಸ್ಸಿನಲ್ಲಿ ಹೊಂದಿಸಿಕೊಂಡು ಕೇಳಬೇಕಾಗಿದ್ದರೆ ಗಂಟೆ ಹೊಡೆದಿರುತ್ತಿತ್ತು.

ಇನ್ನು ಪದಗಳ ವಿಷಯ. "ಇಂಗ್ಲಿಷಿನ ಪದ ಸುಲಭ, ಕನ್ನಡದ ಅಭಾಗಲಬ್ಧ ಸಂಖ್ಯೆ ಎಂಬುದನ್ನು ಉಚ್ಚರಿಸುವುದೇ ಕಷ್ಟ" ಎಂಬ ದೂರು ಸಭೆಗಳಲ್ಲಿ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಗ್ರಂಥದ ಕನ್ನಡ ನಮ್ಮ ಹೊಳಗುಂದದ ಮನೆಗಳ ಕನ್ನಡವಲ್ಲ. ನಮ್ಮ ಮನೆಮಾತಿನಲ್ಲಿ ತೆಲುಗೂ ಉರ್ದುವೂ ಹಾಲು-ನೀರಿನಂತೆ ಬೆರೆತಿವೆ. ಆದರೆ ಭಾಗಲಬ್ಧ ಎಂಬ ಪದವನ್ನು ನಮ್ಮ ಮಗು ಮೂರನೆಯ, ನಾಲ್ಕನೆಯ ತರಗತಿಯಲ್ಲಿಯೇ ಭಾಗಾಕಾರ ಮಾಡುವಾಗ ಕೇಳಿರುತ್ತದೆ: ಭಾಗಿಸಿದಾಗ ದೊರೆತದ್ದು ಭಾಗಲಬ್ಧ, ಮಿಕ್ಕದ್ದು ಶೇಷ. ಒಂದು ಪೂರ್ಣಾಂಕವನ್ನು ಇನ್ನೊಂದರಿಂದ ಭಾಗಿಸಿ ಪಡೆಯಬಹುದಾದ ಸಂಖ್ಯೆ ಭಾಗಲಬ್ಧ ಸಂಖ್ಯೆ. ಹಾಗೆ ಪಡೆಯಲಾಗದ √2ರಂಥದ್ದು ಅಭಾಗಲಬ್ಧ. ಪದವೇ ಅರ್ಥವನ್ನು ಹೇಳುತ್ತದೆ. ಕರಣಿಗೆ ಇಂಗ್ಲಿಷಿನಲ್ಲಿ ಹೇಳುವ ಸರ್ಡ್ ಎಂಬ ಪದವಾದರೋ ಲ್ಯಾಟಿನ್ನಿನ "ಕಿವುಡು" ಎಂಬ ಅರ್ಥದ ಶಬ್ದದಿಂದ ಬಂದದ್ದು. ಅರಬ್ಬಿಯ ಪದವೊಂದರ ಅನುವಾದವಾಗಿ ಅದು ಅಲ್ಲಿ ನೆಲೆಯಾಯಿತು. ಆ ಪದವನ್ನು ಕೇಳಿದ ಯಾವ ಮಗುವಿಗೂ, ಲಂಡನ್ನಿನ ಮಗುವಿಗೂ ಸಹ, ಅರ್ಥ ತಾನಾಗಿ ಹೊಳೆಯುವುದಿಲ್ಲ.

ಕರಣಿ ಎಂಬ ಪದವಾದರೋ ಈ ದೇಶದಲ್ಲಿ ಶುಲ್ಬಸೂತ್ರಗಳ ಕಾಲದಿಂದ ಬಳಕೆಯಲ್ಲಿದೆ. ಚೌಕದ ಕರ್ಣಕ್ಕೆ ಅಲ್ಲಿ ದ್ವಿಕರಣಿ ಎಂದು ಹೆಸರು; ಆ ಕರ್ಣದ ಮೇಲೆ ಕಟ್ಟಿದ ಚೌಕದ ವಿಸ್ತಾರ ಮೊದಲಿನದರ ಎರಡರಷ್ಟು ಎಂಬ ಕಾರಣಕ್ಕೆ. ಯಜ್ಞವೇದಿಗಳನ್ನು ಅಳೆದ ಅವರ ಕೈಯಲ್ಲಿ ಇದ್ದದ್ದೂ ಹಗ್ಗವೇ. ಶುಲ್ಬ ಎಂದರೆ ಹಗ್ಗ. ನಾವು ಕಡಪ ಕಲ್ಲಿನ ಮೇಲೆ ಎಳೆದ ದಾರ ಹೊಸ ಉಪಾಯವೇನೂ ಅಲ್ಲ. 1150ರಲ್ಲಿ ರಚಿತವಾದ ಬೀಜಗಣಿತದಲ್ಲಿ ಭಾಸ್ಕರಾಚಾರ್ಯರು ಕರಣಿಗಳ ಸಂಕಲನ-ವ್ಯವಕಲನಗಳಿಗೆಂದೇ ಸೂತ್ರ ಕೊಟ್ಟು, ಉದಾಹರಣೆಯಾಗಿ ಮೂರು ಜೋಡಿಗಳನ್ನು ಕೊಡುತ್ತಾರೆ: 2 ಮತ್ತು 8, 3 ಮತ್ತು 27, 3 ಮತ್ತು 7. ಮೊದಲ ಜೋಡಿಯ ಮೊತ್ತ √18, ಎರಡನೆಯದರ ಮೊತ್ತ √48. ಮೂರನೆಯ ಜೋಡಿ ಕೂಡುವುದಿಲ್ಲ. ಅದನ್ನು ಪ್ರತ್ಯೇಕವಾಗಿಯೇ ಇರಿಸಬೇಕು. "ಹಾಗೆಯೇ ಬಿಡಬೇಕು" ಎಂಬ ಪಾಠವನ್ನು ಅವರು ಮರೆಯದೆ ಉದಾಹರಣೆಯೊಳಗೇ ಸೇರಿಸಿದ್ದನ್ನು ಕಂಡಾಗ ಅವರೂ ಅನುಭವಸ್ಥ ಮೇಷ್ಟ್ರೇ ಇರಬೇಕೆಂದು ನನಗೆ ಅನ್ನಿಸಿತು.

ಇದಕ್ಕಿಂತ ಹತ್ತಿರದ ಮಾತೊಂದಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದರು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ರಚಿಸಿದ. ಒಬ್ಬ ಕನ್ನಡ ದೊರೆಯ ಆಶ್ರಯದಲ್ಲಿ ಹುಟ್ಟಿದ ಗಣಿತ ತೆಲುಗಿನ ಗಣಿತಕ್ಕೂ ಮೂಲವಾಯಿತು. ಗಣಿತವನ್ನು ದೇಶಭಾಷೆಯಲ್ಲಿ ಹೇಳಲಾಗದು ಎಂಬುದು ಈ ಎರಡೂ ನಾಡುಗಳಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ಸುಳ್ಳಾಗಿತ್ತು.

ತೆಲುಗಿನ ಮಾತು ಬಂತಲ್ಲ, ಅಲ್ಲಿಯೇ ನಿಲ್ಲೋಣ. ನಮ್ಮ ಮಕ್ಕಳ ನಿಜವಾದ ತೊಡಕು ಇಂಗ್ಲಿಷಿಗಿಂತ ಮೊದಲು ಇಲ್ಲಿಯೇ ಇದೆ. ತೆಲುಗಿನ ಗಣಿತ ಪುಸ್ತಕದಲ್ಲಿ ಭಾಗಲಬ್ಧ ಸಂಖ್ಯೆಗೆ ಅಕರಣೀಯ ಸಂಖ್ಯೆ ಎಂದೂ ಅಭಾಗಲಬ್ಧಕ್ಕೆ ಕರಣೀಯ ಸಂಖ್ಯೆ ಎಂದೂ ಹೇಳುತ್ತಾರೆ. ಕನ್ನಡದಲ್ಲಿ 'ಅ' ಸೇರಿದ್ದು √2ಕ್ಕೆ. ತೆಲುಗಿನಲ್ಲಿ 'ಅ' ಸೇರಿದ್ದು ಅದಕ್ಕೆ ವಿರುದ್ಧವಾದದ್ದಕ್ಕೆ. ಕನ್ನಡ ಮಾಧ್ಯಮದ ತರಗತಿಗೆ ತೆಲುಗು ಮಾಧ್ಯಮದ ಅಧ್ಯಾಪಕರು ಬಂದು ತಮಗೆ ರೂಢಿಯಾದ ಪದವನ್ನೇ ಬಳಸಿದರೆ ಮಗು ತಲೆಕೆಳಗಾಗಿ ಕಲಿಯುತ್ತದೆ. ಒಬ್ಬ ಹುಡುಗ ಬಂದು, "ಸಾರ್, ಅಕರಣೀಯ ಅಂದ್ರ ಮಾಡಬಾರದ್ದು ಅಂತ ಅಲ್ಲೇನ್ರಿ? ಅದನ್ಯಾಕ ಮಾಡಸ್ತಾರ?" ಎಂದು ಕೇಳಿದ್ದ. ಸಂಸ್ಕೃತದ ಅರ್ಥದಲ್ಲಿ ಅವನು ಹೇಳಿದ್ದೂ ಸರಿಯೇ!

ಛೇದಕ್ಕೆ ತೆಲುಗಿನಲ್ಲಿ ಹಾರಂ, ಅಂಶಕ್ಕೆ ಲವಂ. ಅಪವರ್ತನಕ್ಕೆ ಕಾರಣಾಂಕಂ. ಅವಿಭಾಜ್ಯ ಸಂಖ್ಯೆಗೆ ಪ್ರಧಾನ ಸಂಖ್ಯೆ. ನಮ್ಮ ಲ.ಸಾ.ಅ. ಅಲ್ಲಿ ಕ.ಸಾ.ಗು. ಇನ್ನೊಂದು ಕಡೆ ವರ್ಗ, ವರ್ಗಮೂಲ, ಕರ್ಣ, ಸಮೀಕರಣ, ಸಜಾತಿ, ವಿಜಾತಿ ಇವೆಲ್ಲ ಎರಡೂ ಭಾಷೆಗಳಿಗೆ ಸಮಾನ. ಛೇದದಿಂದ ಕರಣಿಯನ್ನು ತೆಗೆದುಹಾಕುವ ಕ್ರಿಯೆಗೆ ನಾವು ಅಕರಣೀಕರಣ ಎನ್ನುತ್ತೇವೆ. 1/√2 ಎಂಬುದನ್ನು √2/2 ಎಂದು ಬರೆಯುವುದು ಅದೇ. 1ನ್ನು 1.414ರಿಂದ ಭಾಗಿಸುವುದಕ್ಕಿಂತ 1.414ನ್ನು 2ರಿಂದ ಭಾಗಿಸುವುದು ಸುಲಭವೆಂಬುದೇ ಅದರ ಹಳೆಯ ಪ್ರಯೋಜನ. ಈ ಅಕರಣೀಕರಣವನ್ನು ಅರ್ಥ ಮಾಡಿಕೊಂಡ ಕನ್ನಡದ ಮಗುವಿಗೆ ತೆಲುಗಿನ ಅಕರಣೀಯ ಎಂಬುದು "ಕರಣಿ ಇಲ್ಲದ್ದು" ಎಂದು ತಾನೇ ತೆರೆದುಕೊಳ್ಳುತ್ತದೆ. ಎರಡು ಭಾಷೆಗಳ ನಡುವಿನ ಸೇತುವೆ ಸಿದ್ಧವಾಗಿಯೇ ಇದೆ. ಅದನ್ನು ತೋರಿಸಿಕೊಡುವ ಅಧ್ಯಾಪಕರು ಬೇಕು. ಎಂಟರಿಂದ ಹತ್ತನೆಯ ತರಗತಿಯವರೆಗೆ ಗಣಿತವನ್ನು ಕನ್ನಡದಲ್ಲಿ ಹೇಳಬಲ್ಲ ಅಧ್ಯಾಪಕರಿಲ್ಲದಿದ್ದರೆ ಕನ್ನಡ ಮಾಧ್ಯಮವೆಂಬುದು ಶಾಲೆಯ ಫಲಕದ ಮೇಲಿನ ಬರಹ ಮಾತ್ರ. ಪಾಲಕರ ಕೋಪ ನಿಜವಾಗಿ ಇರಬೇಕಾದದ್ದು ಈ ಖಾಲಿ ಕುರ್ಚಿಯ ಮೇಲೆ.

ಈಗ ಕಾನೂನು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದವು. ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದವು. ನಮ್ಮ ಹಿರಿಯರು ಊರು ಬಿಟ್ಟು ಬಂದವರಲ್ಲ, ಗಡಿಯೇ ಅವರನ್ನು ದಾಟಿಹೋಯಿತು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ತಕ್ಕ ಅನುಕೂಲವನ್ನು ಪ್ರತಿ ರಾಜ್ಯವೂ ಕಲ್ಪಿಸಲು ಪ್ರಯತ್ನಿಸಬೇಕು. ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯ ಅಧ್ಯಾಪಕರನ್ನು ಒದಗಿಸಬೇಕೆಂಬ ಮಾನದಂಡ ಅದಕ್ಕೂ ಹಿಂದಿನದು, 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯ. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ಸಾಧ್ಯವಿದ್ದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಬೋಧನೆ ಇರಬೇಕೆನ್ನುತ್ತದೆ. ಆ ಕಾಯಿದೆಯ ವ್ಯಾಪ್ತಿ ಎಂಟನೆಯ ತರಗತಿಯವರೆಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿದ್ದಲ್ಲೆಲ್ಲ ಐದನೆಯ ತರಗತಿಯವರೆಗಾದರೂ, ಮೇಲಾಗಿ ಎಂಟರವರೆಗೂ ಅದರಾಚೆಗೂ ಎನ್ನುತ್ತದೆ.

ಗಮನಿಸಿ: ಭರವಸೆಗಳು ಬಹುಮಟ್ಟಿಗೆ ಐದಕ್ಕೋ ಎಂಟಕ್ಕೋ ಮುಗಿಯುತ್ತವೆ. ಕರಣಿಗಳು ಬರುವುದು ಒಂಬತ್ತರಲ್ಲಿ. ಗುಣಿಸು, ಕೂಡಿಸು, ಕಳೆ ಎಂಬ ಲೆಕ್ಕಗಳಿಗೆ ಭಾಷೆಯ ಹಂಗು ಕಡಿಮೆ. ಮಗ್ಗಿ ಬಂದರೆ ಸಾಕು. ಒಂಬತ್ತರಿಂದ "ಯಾಕೆ" ಎಂಬುದು ಶುರುವಾಗುತ್ತದೆ. √2 ಅಭಾಗಲಬ್ಧವೆಂದು ಸಾಧಿಸಬೇಕು. ಹತ್ತರಲ್ಲಿ ವರ್ಗ ಸಮೀಕರಣ ಬಿಡಿಸಿದರೆ ಉತ್ತರದಲ್ಲಿ ಕರಣಿ ಬಂದು ಕೂರುತ್ತದೆ. ತ್ರಿಕೋನಮಿತಿಯಲ್ಲಿ 30, 45, 60 ಅಂಶಗಳ ಬೆಲೆಗಳಲ್ಲಿಯೂ ಅದೇ. ತರ್ಕಕ್ಕೆ ವಾಕ್ಯ ಬೇಕು, ವಾಕ್ಯಕ್ಕೆ ಭಾಷೆ ಬೇಕು. ಭಾಷೆ ಅತ್ಯಂತ ಅಗತ್ಯವಾಗುವ ಆ ತಿರುವಿನಲ್ಲಿಯೇ ಕಾನೂನು ನಮ್ಮ ಮಗುವಿನ ಕೈಬಿಡುತ್ತದೆ, ಅದಕ್ಕಿಂತ ಒಂದು ಹೆಜ್ಜೆ ಮುಂಚೆ ನಾವೇ ಬಿಡುತ್ತೇವೆ.

2019ರ ನವೆಂಬರಿನಲ್ಲಿ ರಾಜ್ಯದ ಸರಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶ ಬಂದುದು, 2020ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿದುದು ನಿಮಗೆ ನೆನಪಿರಬಹುದು. ಆಗ ತೆಲುಗಿಗಾಗಿ ದೊಡ್ಡ ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ಆ ಚರ್ಚೆಯಲ್ಲಿ ತೆಲುಗಿನ ಪರವಾಗಿ ಹೇಳಿದ ಪ್ರತಿ ಮಾತೂ ಈ ಮೂಲೆಯ ಕನ್ನಡದ ಮಕ್ಕಳಿಗೂ ಅನ್ವಯಿಸುತ್ತದೆ ಎಂದು ಎತ್ತಿ ಹೇಳುವವರಷ್ಟೇ ಕಡಿಮೆಯಿದ್ದರು.

"ಹನ್ನೊಂದನೆಯ ತರಗತಿಗೆ ಹೇಗೂ ಇಂಗ್ಲಿಷೋ ತೆಲುಗೋ ಆಗಲೇಬೇಕು, ಈಗಲೇ ಆದರೆ ನಷ್ಟವೇನು?" ಇದು ನೀವು ನನ್ನನ್ನು ಕೇಳಬಹುದಾದ ಅತ್ಯಂತ ಗಟ್ಟಿಯಾದ ಪ್ರಶ್ನೆ. ಇಂಟರ್ಮೀಡಿಯೆಟ್, ಪಾಲಿಟೆಕ್ನಿಕ್ ಎಲ್ಲವೂ ಕಣ್ಣೆದುರಿಗಿವೆ. ಬಡವರ ಮಗುವಿಗೆ ಉದ್ಯೋಗ ಬೇಡ, ಭಾಷೆ ಸಾಕು ಎಂದು ಉಪದೇಶಿಸುವ ಅಧಿಕಾರ ಪಿಂಚಣಿ ತಿನ್ನುವ ನನಗಿಲ್ಲ. ನನ್ನ ಉತ್ತರ ಇಷ್ಟೇ: ಬದಲಾವಣೆ ಖಚಿತವಾಗಿರುವುದರಿಂದಲೇ ಪರಿಕಲ್ಪನೆ ಮೊದಲು ಗಟ್ಟಿಯಾಗಬೇಕು. √8 ಎಂದರೆ ಎರಡು ಬಂಡೆಗಳ ದಾರವೆಂದು ತಿಳಿದ ಮಗುವಿಗೆ ಹೊಸ ಭಾಷೆಯಲ್ಲಿ ಕಲಿಯಬೇಕಾದದ್ದು ಹೆಸರು ಮಾತ್ರ. ತಿಳಿಯದ ಮಗು ವಿಷಯವನ್ನೂ ಭಾಷೆಯನ್ನೂ ಒಟ್ಟಿಗೆ ಹೊರಬೇಕು. ಎರಡರಲ್ಲಿ ಒಂದು ಜಾರುತ್ತದೆ, ಸಾಮಾನ್ಯವಾಗಿ ವಿಷಯವೇ ಜಾರುತ್ತದೆ, ಏಕೆಂದರೆ ಭಾಷೆ ಬಂದಿಲ್ಲವೆಂಬುದು ಎಲ್ಲರಿಗೂ ಕಾಣುತ್ತದೆ, ವಿಷಯ ಬಂದಿಲ್ಲವೆಂಬುದು ಪರೀಕ್ಷೆಯವರೆಗೆ ಕಾಣುವುದಿಲ್ಲ.

ಇಂಗ್ಲಿಷ್ ಪದಗಳನ್ನು ಬಹಿಷ್ಕರಿಸಿ ಎಂದೂ ನಾನು ಹೇಳುತ್ತಿಲ್ಲ. ಮಗು "ರೂಟ್ ಎಂಟು" ಎನ್ನಲಿ, ಅಡ್ಡಿಯಿಲ್ಲ, ನಾನೂ ಎನ್ನುತ್ತೇನೆ. ನೋಟುಪುಸ್ತಕದ ಕೊನೆಯ ಪುಟದಲ್ಲಿ ಮೂರು ಸಾಲು ಎಳೆದು, ಪ್ರತಿ ಪಾಠದ ಪದಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲಿಯೂ ಬರೆಯಿಸಿ. ಇಂಗ್ಲಿಷ್ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೂ ಆದೀತು. ಇಂಥ ಪಟ್ಟಿಯೊಂದನ್ನು ಮಾಡಿ ಹತ್ತನೆಯ ತರಗತಿ ದಾಟಿದ ನನ್ನ ಕೆಲವು ಹಳೆಯ ವಿದ್ಯಾರ್ಥಿಗಳು ಇಂಟರ್ಮೀಡಿಯೆಟ್ಟಿನ ಮೊದಲ ಮೂರು ತಿಂಗಳು ಮಾತ್ರ ಕಷ್ಟಪಟ್ಟೆವೆಂದು ಹೇಳಿದ್ದಾರೆ. ಆ ಮೂರು ತಿಂಗಳು ಬಹಳ ಕಷ್ಟವಿತ್ತೆಂದೂ ಹೇಳಿದ್ದಾರೆ; ಅದನ್ನು ಮುಚ್ಚಿಡುವುದು ಸರಿಯಲ್ಲ.

ಮಗ್ಗಿಯ ಬಗ್ಗೆ ಒಂದು ಮಾತು. 72ರೊಳಗೆ 36 ಅಡಗಿದೆ ಎಂದು ಥಟ್ಟನೆ ಹೊಳೆಯಬೇಕಾದರೆ ಮಗ್ಗಿ ನಾಲಗೆಯ ಮೇಲಿರಬೇಕು. ಅದು ಯಾವ ಭಾಷೆಯಲ್ಲಿ ಕೂತಿದೆಯೋ ಮನಸ್ಸು ಸಾಮಾನ್ಯವಾಗಿ ಆ ಭಾಷೆಯಲ್ಲಿಯೇ ಎಣಿಸುತ್ತದೆ. ನಡುವೆ ಮಾಧ್ಯಮ ಬದಲಿಸಿದ ಮಕ್ಕಳು "ಆರಾರಲ ಮೂವತ್ತಾರು" ಎಂದು ಒಳಗೇ ಹೇಳಿಕೊಂಡು ಹೊರಗೆ ಬೇರೊಂದು ಭಾಷೆಯಲ್ಲಿ ಉತ್ತರ ಕೊಡುವಾಗ ಒಂದು ಕ್ಷಣ ತಡವಾಗುತ್ತದೆ. ಆ ಒಂದು ಕ್ಷಣವನ್ನು ದಡ್ಡತನವೆಂದು ಬರೆದುಕೊಳ್ಳುವ ತರಗತಿಗಳಿವೆ. ಮಗುವನ್ನು ಈಗಾಗಲೇ ಸೇರಿಸಿದ್ದೀರಾದರೆ ಮನೆಯಲ್ಲಿ ಮಗ್ಗಿಯನ್ನಾದರೂ ಕನ್ನಡದಲ್ಲಿ ನಿಲ್ಲಿಸಬೇಡಿ.

ಆ ಹಮಾಲಿ ತಂದೆ ಏನು ಮಾಡಿದರೆಂದು ನೀವು ಕೇಳುವಿರಿ. ನಾನು ಇವೆಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೆ ಕೇಳಿ, "ನೀವು ಹೇಳಾದು ಖರೇ ಐತಿ ಸಾರ್. ಆದ್ರ ಒಂಬತ್ತನೇತ್ತಕ್ಕ ಕನ್ನಡದಾಗ ಲೆಕ್ಕ ಹೇಳೋ ಸಾರು ಅಲ್ಲಿ ಅದಾರೇನ್ರಿ?" ಎಂದರು. ಆ ವರ್ಷ ಅಲ್ಲಿ ಇರಲಿಲ್ಲ. ಅವರು ಟೀಸಿ ತೆಗೆಸಿದರು. ನಾನು ತಡೆಯಲಿಲ್ಲ, ತಡೆಯುವ ನೈತಿಕ ಬಲ ನನಗಿರಲಿಲ್ಲ. ಹುಡುಗಿ ಈಗ ಇಂಗ್ಲಿಷ್ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ. ಅಂಕಗಳು ತೀರ ಕೆಟ್ಟದಾಗಿಲ್ಲ. ಭಾನುವಾರ ಬೆಳಿಗ್ಗೆ ನನ್ನ ಪಡಸಾಲೆಗೆ ಬರುತ್ತಾಳೆ. ಶಾಲೆಯಲ್ಲಿ ಆ ವಾರ ಹೇಳಿದ್ದನ್ನು ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಕನ್ನಡದಲ್ಲಿ ವಾದಿಸುತ್ತಾಳೆ. √12 + √27 ಎಷ್ಟೆಂದು ಕೇಳಿದರೆ ಐದು ರೂಟ್ ಮೂರು ಎನ್ನುತ್ತಾಳೆ. ಯಾಕೆ ಎಂದರೆ ಕಾರಣವನ್ನೂ ಹೇಳುತ್ತಾಳೆ, ಮತ್ತೆ ಕಡಪ ಕಲ್ಲಿನ ನೆಲದ ಮೇಲೆ √3 ಉದ್ದದ ದಾರವನ್ನು ಎಲ್ಲಿ ತೋರಿಸುವುದೆಂದು ನನ್ನನ್ನೇ ತಿರುಗಿ ಕೇಳುತ್ತಾಳೆ. ಒಂದು ಬಂಡೆಯ ಕರ್ಣದ ತುದಿಗೆ ಲಂಬವಾಗಿ ಒಂದಡಿ ಕೋಲು ನಿಲ್ಲಿಸಿ, ಆ ಕೋಲಿನ ತಲೆಯಿಂದ ಕರ್ಣದ ಇನ್ನೊಂದು ತುದಿಗೆ ದಾರ ಕಟ್ಟಬೇಕು ಎಂಬುದು ನನಗೇ ಎರಡು ದಿನಗಳ ಮೇಲೆ ಹೊಳೆಯಿತು.

ಖಾಲಿ ಕುರ್ಚಿಯ ವಿಷಯಕ್ಕೆ ನಾವು ಮಾಡಬಹುದಾದ ಕೆಲಸವೊಂದಿದೆ. ಮುಂದಿನ ಪ್ರವೇಶದ ದಿನಗಳಿಗೆ ಮುನ್ನ ಪ್ರತಿ ಊರಿನ ಪಾಲಕರು ತಮ್ಮ ಮಕ್ಕಳ ಹೆಸರು, ತರಗತಿ, ಬೇಕಾದ ಮಾಧ್ಯಮ ಇಷ್ಟನ್ನು ಬರೆದು ಸಹಿ ಮಾಡಿದ ಅರ್ಜಿಯನ್ನು ಮಂಡಲ ಶಿಕ್ಷಣಾಧಿಕಾರಿಗಳಿಗೂ ಜಿಲ್ಲಾ ಶಿಕ್ಷಣಾಧಿಕಾರಿಗಳಿಗೂ ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಬೇಡಿಕೆಗೆ ಕಡತವಿರುವುದಿಲ್ಲ. ಭಾಷಾ ಪಂಡಿತರನ್ನು ಕೊಟ್ಟಿದ್ದೇವೆ ಎಂಬ ಉತ್ತರ ಬಂದರೆ ಒಪ್ಪಬೇಡಿ. ಕೇಳಬೇಕಾದದ್ದು ಗಣಿತಕ್ಕೂ ವಿಜ್ಞಾನಕ್ಕೂ. ಭಾಷಾ ಅಲ್ಪಸಂಖ್ಯಾತರಿಗಾಗಿ ಸಂವಿಧಾನದ 350ಬಿ ವಿಧಿಯಂತೆ ವಿಶೇಷಾಧಿಕಾರಿಯೊಬ್ಬರಿದ್ದಾರೆ. ಅರ್ಜಿಯ ಪ್ರತಿಯೊಂದನ್ನು ಅವರಿಗೂ ಕಳುಹಿಸಬಹುದು. ಅರ್ಜಿಯ ಮಾದರಿಯನ್ನು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಸಿದ್ಧಪಡಿಸಿದ್ದೇನೆ. ಮೂರು ಭಾಷೆಗಳ ಗಣಿತಪದಗಳ ಪಟ್ಟಿಯೂ ಕೈಬರಹದಲ್ಲಿದೆ. ಬೇಕಾದವರು ಕೆಳಗೆ ಊರಿನ ಹೆಸರು ಬರೆಯಿರಿ, ಕಳುಹಿಸಿಕೊಡುತ್ತೇನೆ. ಪಟ್ಟಿಯಲ್ಲಿ ತೆಲುಗಿನ ಪದಗಳನ್ನು ಯಾರಾದರೂ ತೆಲುಗು ಮಾಧ್ಯಮದ ಅಧ್ಯಾಪಕ ಮಿತ್ರರು ಒಮ್ಮೆ ನೋಡಿ ತಿದ್ದಿಕೊಟ್ಟರೆ ಉಪಕಾರವಾಗುತ್ತದೆ.